ಮರೆತುಹೋದ ಉಷ್ಣಮಾಪಕಗಳು

(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಮೊದಲು ನನ್ನದೊಂದು ತಪ್ಪನ್ನು ತಮ್ಮೆದುರಿಗೆ ಒಪ್ಪಿಕೊಂಡು, ಅನಂತರ ವಿಷಯಕ್ಕೆ ಬರುವೆನು.

ಅನೇಕ ವರ್ಷಗಳ ಹಿಂದೆ ಬೆಂಗಳೂರಿನ ಒಂದು ಶಾಲೆಯಲ್ಲಿ ನಾನು ವಿಜ್ಞಾನವನ್ನು ಕಲಿಸುತ್ತಿದ್ದೆನು. ಒಂದು ದಿನ ಮಕ್ಕಳ ಕೈಯಿಂದ ನೀರು ಕುದಿಸುವ ಪ್ರಯೋಗವನ್ನು ಮಾಡಿಸಿದೆನು. ಒಬ್ಬ ಬಾಲಕನು ತನ್ನ ವಹಿಯಲ್ಲಿ ‘ನೀರು ೯೭ ಅಂಶಕ್ಕೆ ಕುದಿಯಿತು’ ಎಂದು ಬರೆದು ತಂದನು. ಉಳಿದವರೆಲ್ಲರ ವಹಿಗಳಲ್ಲಿ ೧೦೦ ಎಂದಿದ್ದಿತು. ನಾನು ಕೆಂಪು ಮಸಿಯಿಂದ ಅವನ ೯೭ನ್ನು ಹೊಡೆದುಹಾಕಿ, ಪಕ್ಕದಲ್ಲಿ ೧೦೦ ಎಂದು ಬರೆದುಕೊಟ್ಟೆನು. ಹುಡುಗನು ಎದುರಾಡಲಿಲ್ಲ. ಉಷ್ಣಮಾಪಕವನ್ನು ಮತ್ತೊಮ್ಮೆ ನೋಡಿದನು, ನನ್ನ ಮುಖವನ್ನು ನೋಡಿದನು, ತನ್ನ ಸ್ಥಳಕ್ಕೆ ಹೋಗಿ ಕುಳಿತನು. ಅವನು ಬರೆದದ್ದೇ ನಿಜವಾಗಿದ್ದಿತೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಅದು ಹೇಗೆಂಬದನ್ನು ಕೊನೆಯಲ್ಲಿ ಅರಿಕೆಮಾಡಿಕೊಳ್ಳುವೆನು. ಆ ತಪ್ಪಿನ ಬೆನ್ನು ಹತ್ತಿ ಹೋದಾಗಲೇ ನನಗೆ ಉಷ್ಣಮಾಪಕಗಳ ಹಳೆಯ ಕಥೆಯು ದೊರೆಯಿತು. ಇಂದಿನ ಭಾಷಣದ ವಿಷಯವು ಅದೇ.

ಅಂಗೈಹುಣ್ಣಿಗೆ ಕನ್ನಡಿಯೇಕೆ ಎಂದು ನಮ್ಮ ಹಿರಿಯರು ಕೇಳುವರು. ಬಿಸಿಲಿಗೆ ಮಾಪಕವೇಕೆ ಎಂದೂ ಯಾರಾದರೂ ಕೇಳಬಹುದು. ಬೆಂಕಿ ಬಿಸಿ, ಮಂಜು ತಣ್ಣಗೆ, ಮುಟ್ಟಿದರೆ ತಿಳಿಯುವದು. ಆದರೆ ಮುಟ್ಟಿ ತಿಳಿದದ್ದೆಲ್ಲವೂ ನಿಜವೆನ್ನಲಾಗದು. ನಮ್ಮ ಮನೆಯ ಬಾವಿಯ ನೀರನ್ನೇ ತೆಗೆದುಕೊಳ್ಳಿರಿ. ಮಾಗಿಯ ಬೆಳಗಿನಲ್ಲಿ ಸೇದಿದರೆ ಬೆಚ್ಚಗೆ ಹಿತವಾಗಿರುವದು, ವೈಶಾಖದಲ್ಲಿ ಸೇದಿದರೆ ತಂಪಾಗಿರುವದು. ಆದುದರಿಂದ ಬಾವಿಯ ನೀರು ಚಳಿಗಾಲದಲ್ಲಿ ಬಿಸಿಯಾಗುತ್ತದೆ, ಬೇಸಗೆಯಲ್ಲಿ ತಣ್ಣಗಾಗುತ್ತದೆ ಎಂದು ಜನರು ನಂಬಿದ್ದರು. ಇಟಲಿಯ ವೆನಿಸ್ ಪಟ್ಟಣದ ಸಾಗ್ರೇದೋ ಎಂಬ ಶ್ರೀಮಂತನು ಹೊಸದಾಗಿ ಹುಟ್ಟಿದ ಗಾಜಿನ ಉಪಕರಣವೊಂದನ್ನು ಬಾವಿಯ ನೀರಿಗೆ ಹಿಡಿದು ನೋಡಿದನು. ಚಳಿಗಾಲದ ನೀರೇ ಬೇಸಗೆಯ ನೀರಿಗಿಂತ ತಣ್ಣಗೆ ಇದ್ದಿತು! ಈ ಸಂಗತಿಯನ್ನು ಅವನು ೧೬೧೫ರಲ್ಲಿ ತನ್ನ ಮಿತ್ರನಾದ ಗ್ಯಾಲಿಲಿಯೋವಿಗೆ ಪತ್ರದಲ್ಲಿ ತಿಳಿಸಿದನು. ಬದಲಾಗಿದ್ದದ್ದು ಮುಟ್ಟುವ ಕೈ. ನೀರಿನ ಮೇಲೆ ಅಪವಾದವು ಸುಮ್ಮನೆ ಬಂದಿದ್ದಿತು. ಹೀಗೆ ಕೈಗಿಂತ ನಂಬಿಕೆಯುಳ್ಳ ಸಾಕ್ಷಿಯೊಂದು ಬೇಕೆಂಬ ಅರಿವು ಹುಟ್ಟಿತು.

ಆ ಮೊದಲ ಉಪಕರಣವು ಬಹು ಸರಳವಾದದ್ದು. ಕೋಳಿಮೊಟ್ಟೆಯಷ್ಟು ದೊಡ್ಡ ಗಾಜಿನ ಗುಂಡು. ಅದಕ್ಕೆ ಹುಲ್ಲಿನ ದಂಟಿನಷ್ಟು ಸಪೂರವಾದ ನೀಳ ಕೊಳವೆ. ಗುಂಡನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಕೊಳವೆಯ ಬಾಯಿಯನ್ನು ನೀರಿನ ಪಾತ್ರೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ, ಗುಂಡಿನೊಳಗಿನ ಗಾಳಿಯು ಆರಿದಂತೆ ನೀರು ಮೇಲಕ್ಕೇರುವದು. ಪಾಡುವಾ ಪಟ್ಟಣದ ವೈದ್ಯನಾದ ಸಾಂಟೋರಿಯೋ ಇಂಥ ಕೊಳವೆಯ ಮೇಲೆ ಗೆರೆಗಳನ್ನು ಗುರುತಿಸಿ, ರೋಗಿಯ ಬಾಯಿಯಲ್ಲಿ ಗುಂಡನ್ನಿರಿಸಿ ಜ್ವರದ ಏರಿಳಿತವನ್ನು ನೋಡಿದನು. ೧೬೧೨ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಈ ಉಪಕರಣದ ಪ್ರಸ್ತಾಪವಿದೆ. ಆದರೆ ಇದರಲ್ಲಿ ಒಂದು ಗುಪ್ತ ದೋಷವಿದ್ದಿತು. ಕೆಳಗಿನ ಪಾತ್ರೆಯು ತೆರೆದಿದ್ದುದರಿಂದ ಹೊರಗಿನ ಗಾಳಿಯು ನೀರನ್ನು ಒತ್ತುತ್ತಿದ್ದಿತು. ಗಾಳಿಗೂ ಭಾರವುಂಟೆಂದು ೧೬೪೩ರಲ್ಲಿ ತೊರಿಚೆಲ್ಲಿಯು ತೋರಿಸಿದನು. ಬೆಟ್ಟವನ್ನೇರಿದರೆ ಆ ಭಾರವು ಕಡಿಮೆಯಾಗುವದೆಂದು ೧೬೪೮ರಲ್ಲಿ ಪಾಸ್ಕಲನು ತನ್ನ ಭಾವಮೈದುನನ ಕೈಯಿಂದ ಪರೀಕ್ಷೆಮಾಡಿಸಿ ತಿಳಿದನು. ಹಾಗಾದರೆ ಮಳೆಯ ಮೋಡ ಕವಿದಾಗ ಒಂದು ಲೆಕ್ಕ, ಆಕಾಶ ತಿಳಿಯಾದಾಗ ಇನ್ನೊಂದು ಲೆಕ್ಕ! ಉಷ್ಣವನ್ನು ಕೇಳಿದರೆ ಉಷ್ಣವನ್ನೂ ಗಾಳಿಯ ಭಾರವನ್ನೂ ಬೆರೆಸಿ ಹೇಳುವ ಸಾಕ್ಷಿ ಅದು.

ಈ ದೋಷವನ್ನು ನೀಗಿದವರು ಫ್ಲಾರೆನ್ಸಿನ ಜನ. ಅಲ್ಲಿಯ ದೊರೆಯಾದ ಎರಡನೆಯ ಫರ್ಡಿನಾಂಡೋ ಮೆದಿಚಿಗೆ ವಿಜ್ಞಾನದ ಹುಚ್ಚು ಬಹಳ. ಅವನ ಆಸ್ಥಾನದಲ್ಲಿ ನಳಿಗೆಯೊಳಗೆ ಗಾಳಿಯ ಬದಲು ಮದ್ಯಸಾರವನ್ನು ತುಂಬಿ, ಬಾಯನ್ನು ಕರಗಿಸಿ ಮುಚ್ಚಿಬಿಟ್ಟರು. ಹೊರಗಿನ ಗಾಳಿಗೆ ಒಳಗೆ ಪ್ರವೇಶವಿಲ್ಲದಾಯಿತು. ಆಂಟೋನಿಯೋ ಆಲಮಾನ್ನಿ ಎಂಬ ಗಾಜುಗಾರನು ಇವುಗಳನ್ನು ಊದುತ್ತಿದ್ದನು. ಕೊಳವೆಯ ಮೇಲೆ ಅಂಶಕ್ಕೊಂದರಂತೆ ಸಣ್ಣ ಗಾಜಿನ ಮಣಿಗಳನ್ನು ಬೆಸೆಯುವದು. ಹತ್ತರ ಮಣಿಯು ಬಿಳಿದು, ನಡುವಿನವು ಕಪ್ಪು. ಐವತ್ತು ಮಣಿಯ ಉಷ್ಣಮಾಪಕಗಳನ್ನು ಅವನು ಎಷ್ಟು ಮಾಡಿದರೂ ಒಂದಕ್ಕೊಂದು ತಾಳೆಯಾಗುತ್ತಿದ್ದವು. ಅವನ ಉಸಿರಿನ ಹದ ಅಂಥದು!

೧೬೫೪ರಲ್ಲಿ ಫರ್ಡಿನಾಂಡೋ ಈ ಉಷ್ಣಮಾಪಕಗಳನ್ನು ದೂರದೂರಕ್ಕೆ ಕಳುಹಿಸಿದನು. ಫ್ಲಾರೆನ್ಸ್, ಪೀಸಾ, ಬೊಲೋನ್ಯಾ, ಪಾರ್ಮಾ, ಮಿಲಾನ್ ಪಟ್ಟಣಗಳಿಗೆ ಹೋದವು. ಆಲ್ಪ್ಸ್ ಪರ್ವತದಾಚೆ ಇನ್ಸ್‌ಬ್ರುಕ್, ಪ್ಯಾರಿಸ್, ವಾರ್ಸಾ ನಗರಗಳಿಗೂ ಹೋದವು. ಅಲ್ಲಲ್ಲಿಯ ಪಾದ್ರಿಗಳು ದಿನದಲ್ಲಿ ಹಲವು ಸಲ ಮಣಿಗಳನ್ನು ಎಣಿಸಿ ವಹಿಗಳಲ್ಲಿ ಬರೆದಿಟ್ಟರು. ಹಲವು ದೇಶಗಳ ಹವೆಯನ್ನು ಒಂದೇ ಬಗೆಯ ಉಪಕರಣದಿಂದ ಅಳೆದದ್ದು ಜಗತ್ತಿನಲ್ಲಿ ಅದೇ ಮೊದಲು. ಆದರೆ ೧೬೬೭ರಲ್ಲಿ ಈ ಉದ್ಯೋಗವನ್ನು ನಡೆಸುತ್ತಿದ್ದ ವಿದ್ವತ್ಸಭೆಯು ಮುಚ್ಚಿತು; ಎರಡು ಕಡೆ ಮಾತ್ರ ೧೬೭೦ರ ವರೆಗೆ ಲೆಕ್ಕ ನಡೆಯಿತು. ಕ್ರಮೇಣ ಉಷ್ಣಮಾಪಕಗಳು ಒಡೆದುಹೋದವು, ಕಳೆದುಹೋದವು. ವಹಿಗಳು ಮಾತ್ರ ಉಳಿದವು. ‘ಇಂದು ಬೆಳಿಗ್ಗೆ ೧೩’ ಎಂದು ಬರೆದಿದೆ. ೧೩ ಎಂದರೆ ಏನು? ಹಿಮ ಬಿದ್ದಿದ್ದಿತೆ, ಬಿಸಿಲು ಕಾದಿದ್ದಿತೆ? ಹೇಳುವವರಿಲ್ಲ. ಏಕೆಂದರೆ ಆಲಮಾನ್ನಿಯ ಮಣಿಗಳಿಗೆ ಅವನ ಕೈಯೊಂದೇ ಆಧಾರವಾಗಿದ್ದಿತು. ಕೈ ಹೋಯಿತು, ಗಾಜು ಹೋಯಿತು, ಅಂಕಿಗಳು ಮೂಕವಾದವು. ಹದಿನಾರು ವರ್ಷಗಳ ಶ್ರಮವು ಓದಲಾರದ ಲಿಪಿಯ ಶಾಸನದಂತೆ ಬಿದ್ದಿತು.

ಮಹನೀಯರೇ, ಇಲ್ಲಿಯೇ ನನ್ನ ಮಾತಿನ ತಿರುಳಿರುವದು. ಅಳತೆಗೆ ಉಪಕರಣವೊಂದಿದ್ದರೆ ಸಾಲದು. ಎಲ್ಲರಿಗೂ ಎಟಕುವ, ಎಲ್ಲಿಯೂ ಒಂದೇ ಬಗೆಯಾಗಿರುವ ಒಂದು ಗುರುತು ಬೇಕು. ಇದಕ್ಕೆ ಸ್ಥಿರಬಿಂದುವೆಂದು ಹೆಸರು. ಹಿಂದಿನ ಕಾಲದಲ್ಲಿ ನಮ್ಮಲ್ಲಿ ಒಂದೂರ ಸೇರು ಇನ್ನೊಂದೂರ ಸೇರಿಗೆ ತಾಳೆಯಾಗದೆ ಸಂತೆಯಲ್ಲಿ ಜಗಳವಾಗುತ್ತಿದ್ದುದನ್ನು ಹಿರಿಯರಿಂದ ತಾವೂ ಕೇಳಿರಬಹುದು. ಉಷ್ಣದ ಸಂತೆಯಲ್ಲಿಯೂ ಅದೇ ಜಗಳ ನೂರು ವರ್ಷ ನಡೆಯಿತು.

ಸ್ಥಿರಬಿಂದುವಿಗಾಗಿ ಪಂಡಿತರು ಹುಡುಕದ ಸ್ಥಳವಿಲ್ಲ. ಒಬ್ಬನು ಬೆಣ್ಣೆ ಕರಗುವ ಉಷ್ಣವನ್ನು ಹಿಡಿಯೋಣವೆಂದನು. ಇನ್ನೊಬ್ಬನು ಸೋಂಪಿನ ಎಣ್ಣೆಯು ಹೆಪ್ಪುಗಟ್ಟುವ ಹದವನ್ನು ಹಿಡಿಯೋಣವೆಂದನು. ಪ್ಯಾರಿಸ್ ವೇಧಶಾಲೆಯ ಆಳವಾದ ನೆಲಮಾಳಿಗೆಯಲ್ಲಿ ವರ್ಷವಿಡೀ ಒಂದೇ ಉಷ್ಣವಿರುವದು, ಅದನ್ನೇ ಹಿಡಿಯೋಣವೆಂದು ಮತ್ತೊಬ್ಬರು. ಬೆಣ್ಣೆಯೂ ಬೆಣ್ಣೆಯೂ ಒಂದೇ ಅಲ್ಲ. ಪ್ಯಾರಿಸಿನ ನೆಲಮಾಳಿಗೆಯನ್ನು ಎಲ್ಲರೂ ಹೊತ್ತುಕೊಂಡು ಹೋಗುವಂತಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಹೆಸರಿನಲ್ಲಿ ನಡೆದ ಉಷ್ಣಮಾಪಕದಲ್ಲಂತೂ ಸೊನ್ನೆಯು ಮೇಲಿದ್ದಿತು, ಅದರ ಎದುರಿಗೆ ‘ಅತ್ಯುಷ್ಣ’ವೆಂದು ಬರೆದಿದ್ದಿತು, ಚಳಿ ಹೆಚ್ಚಿದಂತೆ ಅಂಕಿಯು ಬೆಳೆದು, ನೀರು ಹೆಪ್ಪುಗಟ್ಟುವಲ್ಲಿ ೬೫ ಆಗುತ್ತಿದ್ದಿತು. ನ್ಯೂಟನ್ನನು ೧೭೦೧ರಲ್ಲಿ ತನ್ನ ಹೆಸರನ್ನು ಹಾಕದೆ ಒಂದು ಲೇಖವನ್ನು ಪ್ರಕಟಿಸಿದನು. ಅವನು ಅಗಸೆಯೆಣ್ಣೆಯನ್ನು ತುಂಬಿದ ಉಷ್ಣಮಾಪಕದಲ್ಲಿ ಕರಗುವ ಹಿಮಕ್ಕೆ ೦, ಮನುಷ್ಯನ ಮೈಬಿಸಿಗೆ ೧೨ ಎಂದು ಇಟ್ಟನು. ಆ ಲೆಕ್ಕದಲ್ಲಿ ನೀರು ೩೪ಕ್ಕೆ ಭರದಿಂದ ಕುದಿಯುವದು, ತವರವು ೭೨ಕ್ಕೆ ಕರಗುವದು.

ಬೆಳಕಿನ ವೇಗವುಂಟೆಂದು ೧೬೭೬ರಲ್ಲಿ ತೋರಿಸಿದ ಓಲೆ ರೋಮರನ ಹೆಸರನ್ನು ತಾವು ಕೇಳಿರಬಹುದು. ಕೋಪನ್‌ಹೇಗನ್ನಿನ ಆ ಜ್ಯೋತಿಷಿಯು ೧೭೦೨ರ ಸುಮಾರಿಗೆ ತನ್ನದೊಂದು ಮಾನವನ್ನು ಕಟ್ಟಿದನು. ಗ್ರಹಗಣಿತದವರಿಗೆ ಅರವತ್ತರ ಮೇಲೆ ಪ್ರೀತಿ. ಆದುದರಿಂದ ನೀರಿನ ಕುದಿಬಿಂದುವಿಗೆ ೬೦ ಕೊಟ್ಟನು. ಹೆಪ್ಪುಗಟ್ಟುವ ಬಿಂದುವು ಏಳೂವರೆಗೆ ಬಂದಿತು.

೧೭೦೮ರಲ್ಲಿ ರೋಮರನ ಮನೆಗೆ ಒಬ್ಬ ತರುಣನು ಬಂದನು. ಡಾನ್ಜಿಗ್ ಪಟ್ಟಣದಲ್ಲಿ ೧೬೮೬ರಲ್ಲಿ ಹುಟ್ಟಿದವನು. ೧೭೦೧ರಲ್ಲಿ ಅವನ ತಾಯಿತಂದೆಗಳಿಬ್ಬರೂ ವಿಷದ ಅಣಬೆಯನ್ನು ತಿಂದು ತೀರಿಕೊಂಡಿದ್ದರು. ಪೋಷಕರು ವ್ಯಾಪಾರ ಕಲಿಯಲೆಂದು ಅವನನ್ನು ಆಮ್‌ಸ್ಟರ್‌ಡ್ಯಾಮಿಗೆ ಅಟ್ಟಿದರೆ, ಅವನ ಮನಸ್ಸು ಗಾಜಿನ ನಳಿಗೆಗಳಲ್ಲಿ ನೆಟ್ಟಿತು. ಅವನೇ ಫ್ಯಾರನ್‌ಹೈಟನು. ರೋಮರನು ಉಷ್ಣಮಾಪಕಗಳಿಗೆ ಗೆರೆ ಹಾಕುವದನ್ನು ಕಣ್ಣಾರೆ ಕಂಡು ಬಂದನು. ಏಳೂವರೆಯಂಥ ಮುರುಕು ಅಂಕಿಗಳು ಅವನಿಗೆ ಸೇರಲಿಲ್ಲ. ಪ್ರತಿಯೊಂದು ಅಂಶವನ್ನು ನಾಲ್ಕಾಗಿ ಒಡೆದು, ಆಮೇಲೆ ಸ್ವಲ್ಪ ತಿದ್ದಿ, ಹೆಪ್ಪುಗಟ್ಟುವ ಬಿಂದುವಿಗೆ ೩೨, ಆರೋಗ್ಯವಂತನ ಬಾಯಿ ಅಥವಾ ಕಂಕುಳಿನ ಬಿಸಿಗೆ ೯೬ ಎಂದು ನಿಲ್ಲಿಸಿದನು. ಸೊನ್ನೆಯು ಮಂಜು, ನೀರು, ನವಸಾಗರ ಇವುಗಳ ಮಿಶ್ರಣದ ಶೈತ್ಯ. ಈ ಅಂಕಿಗಳು ಹುಚ್ಚಾಟವೆಂದು ನಮಗೆ ತೋರಬಹುದು. ಕುಶಲಕರ್ಮಿಯ ಕಣ್ಣಿನಿಂದ ನೋಡಿದರೆ ಜಾಣತನವು ಕಾಣುವದು. ೩೨ರಿಂದ ೯೬ಕ್ಕೆ ೬೪ ಅಂಶಗಳು. ಗೆರೆಯನ್ನು ಅರ್ಧಕ್ಕೆ ಕಡಿ, ಅರ್ಧದ ಅರ್ಧಕ್ಕೆ ಕಡಿ, ಹೀಗೆ ಆರು ಸಲ ಮಾಡಿದರೆ ಅರವತ್ತುನಾಲ್ಕೂ ಸರಿಯಾಗಿ ಬೀಳುವವು. ಅರ್ಧಮಾಡುವದಕ್ಕಿಂತ ಸುಲಭವಾದ ಭಾಗಾಕಾರವು ಯಾವ ಕಮ್ಮಾರನಿಗೂ ಇಲ್ಲ, ಯಾವ ಬಡಗಿಗೂ ಇಲ್ಲ.

ಮದ್ಯಸಾರದ ಬದಲು ಪಾದರಸವನ್ನು ಹದವಾಗಿ ಬಳಸುವ ವಿದ್ಯೆಯೂ ಫ್ಯಾರನ್‌ಹೈಟನಿಗೆ ಒಲಿಯಿತು. ೧೭೧೪ರಲ್ಲಿ ಅವನು ಎರಡು ಉಷ್ಣಮಾಪಕಗಳನ್ನು ಹಾಲೆ ವಿದ್ಯಾಪೀಠದ ಕ್ರಿಸ್ಟಿಯಾನ್ ವೋಲ್ಫನಿಗೆ ಕೊಟ್ಟನು. ಎರಡೂ ಒಂದೇ ಅಂಕಿಯನ್ನು ತೋರಿಸುವದನ್ನು ಕಂಡು ಆ ಪಂಡಿತನು ಬೆರಗಾಗಿ ಪತ್ರಿಕೆಯಲ್ಲಿ ಬರೆದನು. ಎರಡು ಉಷ್ಣಮಾಪಕಗಳು ಒಂದೇ ಮಾತನ್ನಾಡುವದು ಆಗ ಪತ್ರಿಕೆಗೆ ಬರೆಯುವಂಥ ಸುದ್ದಿಯಾಗಿದ್ದಿತು! ೧೭೨೪ರಲ್ಲಿ ಅವನು ತನ್ನ ಗುಟ್ಟುಗಳನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಅವನು ೧೭೩೬ರಲ್ಲಿ ತೀರಿಕೊಂಡ ಮೇಲೆ, ೧೭೭೭ರಲ್ಲಿ ಕ್ಯಾವೆಂಡಿಶನ ನೇತೃತ್ವದ ಸಮಿತಿಯು ಹಬೆಯ ಉಷ್ಣವನ್ನು ೨೧೨ ಎಂದು ಬಿಗಿಯಾಗಿ ಹಿಡಿಯುವ ಕ್ರಮವನ್ನು ವಿಧಿಸಿತು. ಹೀಗೆ ತಿದ್ದಿದುದರಿಂದ ಮೈಯ ಬಿಸಿಯು ೯೬ರಿಂದ ಜಾರಿ ಮೇಲಕ್ಕೆ ಹೋಯಿತು. ೧೮೬೮ರಲ್ಲಿ ಜರ್ಮನಿಯ ವುಂಡರ್ಲಿಶ್ ಎಂಬ ವೈದ್ಯನು ಸಹಸ್ರಾರು ರೋಗಿಗಳನ್ನು ಪರೀಕ್ಷಿಸಿ ಸ್ವಸ್ಥ ಶರೀರಕ್ಕೆ ೩೭ ಸೆಲ್ಸಿಯಸ್ ಅಂಶವೆಂದು ಗೊತ್ತುಮಾಡಿದನು. ಅದನ್ನು ಫ್ಯಾರನ್‌ಹೈಟಿಗೆ ತಿರುಗಿಸಿದರೆ ೯೮.೬. ಪಂಚಾಂಗದ ಪಕ್ಕದಲ್ಲಿ ಜ್ವರಮಾಪಕವನ್ನಿಡುವ ನಮ್ಮ ಮನೆಗಳಲ್ಲಿ ಹವೆಯ ಬಿಸಿಯನ್ನು ಸೆಲ್ಸಿಯಸಿನಲ್ಲಿಯೂ ಮಗುವಿನ ಜ್ವರವನ್ನು ಫ್ಯಾರನ್‌ಹೈಟಿನಲ್ಲಿಯೂ ಹೇಳುವ ವಾಡಿಕೆ ಇಂದಿಗೂ ಇದೆ. ಡಾನ್ಜಿಗ್ಗಿನ ಆ ಅನಾಥ ಹುಡುಗನು ನಮ್ಮ ತಾಯಂದಿರ ಕೈಯಲ್ಲಿ ಇನ್ನೂ ಬದುಕಿರುವನು.

ನಂಬಬಹುದಾದ ಉಷ್ಣಮಾಪಕದಿಂದ ಏನು ಸಾಧ್ಯವಾಯಿತೆಂಬದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಸಾಕ್ಷಿಯಿದೆ. ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯೊಂದನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದನು. ಬಿಸಿಲಿಗೆ ಉಕ್ಕು ಹಿಗ್ಗುವದು. ಇಪ್ಪತ್ತು ಫ್ಯಾರನ್‌ಹೈಟ್ ಅಂಶಗಳ ವ್ಯತ್ಯಾಸಕ್ಕೆ ಆ ಸರಪಳಿಯು ಅಂಗುಲದ ಏಳನೆಯ ಒಂದು ಪಾಲಿನಷ್ಟು ಉದ್ದವಾಗುವದು. ಇದನ್ನು ಗಣಿಸದಿದ್ದರೆ ಏಳೂವರೆ ಮೈಲಿಗೆ ಸುಮಾರು ೫ ಅಡಿ ತಪ್ಪುವದು. ಆ ತಪ್ಪು ಮುಂದಿನ ಅಳತೆಗಳಿಗೆಲ್ಲ ಅಂಟಿಕೊಂಡು ಹೋಗುವದು. ಆದುದರಿಂದ ಸರಪಳಿಯ ಉದ್ದಕ್ಕೂ ಉಷ್ಣಮಾಪಕಗಳನ್ನಿರಿಸಿ ಲೆಕ್ಕವನ್ನು ತಿದ್ದಿದರು. ಭೂಮಿಯನ್ನಳೆಯುವವನಿಗೂ ಮೊದಲು ಬಿಸಿಲನ್ನಳೆಯಬೇಕಾಯಿತು.

ಇನ್ನು ಫ್ರಾನ್ಸಿಗೆ ಹೋಗೋಣ. ಅಲ್ಲಿಯ ರೆಯೋಮ್ಯೂರನು ೧೭೩೦ರಲ್ಲಿ ಬೇರೊಂದು ದಾರಿಯನ್ನು ಹಿಡಿದನು. ಹೆಪ್ಪುಗಟ್ಟುವ ಬಿಂದುವಿನಲ್ಲಿ ೧೦೦೦ ಪಾಲು ಇರುವ ಮದ್ಯಸಾರವು ನೀರಿನ ಕುದಿತದಲ್ಲಿ ೧೦೮೦ ಪಾಲಾಗುವಂತೆ ಹದಮಾಡಿ, ನಡುವಿನ ೮೦ನ್ನೇ ತನ್ನ ಅಂಶಗಳನ್ನಾಗಿ ಮಾಡಿಕೊಂಡನು. ಮದ್ಯಸಾರವು ನೀರಿಗಿಂತ ಮೊದಲೇ ಕುದಿಯುವದರಿಂದ ಅದರಲ್ಲಿ ಗೊಂದಲ ಹುಟ್ಟಿತು. ಮುಂದಿನವರು ಪಾದರಸವನ್ನು ತುಂಬಿ, ೮೦ನ್ನು ಮಾತ್ರ ಉಳಿಸಿಕೊಂಡು, ಹೆಸರನ್ನು ಹಾಗೆಯೇ ಇಟ್ಟರು. ಹೆಸರು ಒಂದು, ಮಾನ ಎರಡು! ಆದರೂ ಇದು ಯುರೋಪಿನಲ್ಲೆಲ್ಲ ಹರಡಿ, ರಶಿಯದಲ್ಲಿ ಇಪ್ಪತ್ತನೆಯ ಶತಮಾನದ ಆದಿಯ ವರೆಗೂ ಬಾಳಿತು.

ರಶಿಯದಲ್ಲಿ ಇದಕ್ಕೂ ಮೊದಲು ನಡೆದದ್ದು ಇನ್ನೂ ವಿಚಿತ್ರವಾದ ಮಾನ. ಪೀಟರ್ಸ್‌ಬರ್ಗಿನಲ್ಲಿದ್ದ ಫ್ರೆಂಚ್ ಜ್ಯೋತಿಷಿ ದೆಲೀಲನು ೧೭೩೨ರಲ್ಲಿ ಕುದಿಯುವ ನೀರಿಗೆ ಸೊನ್ನೆ ಕೊಟ್ಟು, ತಣ್ಣಗಾದಂತೆ ಅಂಕಿಯನ್ನು ಏರಿಸಿದನು. ೧೭೩೮ರಲ್ಲಿ ಅದನ್ನು ತಿದ್ದಿ, ಹೆಪ್ಪುಗಟ್ಟುವ ಬಿಂದುವಿಗೆ ೧೫೦ ಎಂದು ಗೊತ್ತುಮಾಡಿದರು. ಚಳಿಯೇ ಪ್ರಭುವಾಗಿರುವ ದೇಶದಲ್ಲಿ ಚಳಿಗೆ ದೊಡ್ಡ ಅಂಕಿ ಸಲ್ಲುವದು ನ್ಯಾಯವೇ ಸರಿ. ೧೭೩೫ರಲ್ಲಿ ಸೈಬೀರಿಯದಲ್ಲಿ ಗ್ಮೇಲಿನ್ ಎಂಬ ವಿದ್ವಾಂಸನು ಉಷ್ಣಮಾಪಕದ ಪಾದರಸವು ಫ್ಯಾರನ್‌ಹೈಟಿನ ಸೊನ್ನೆಗೂ ೧೨೦ ಅಂಶ ಕೆಳಗೆ ಇಳಿದುದನ್ನು ಕಂಡು ಬರೆದಿಟ್ಟನು. ಅಂಥ ಚಳಿಯಿದೆಯೆಂದು ಜನರು ನಂಬಿದರು. ನಿಜವಾಗಿ ಪಾದರಸವೇ ಹೆಪ್ಪುಗಟ್ಟಿ ಕುಗ್ಗಿದ್ದಿತು! ಪಾದರಸಕ್ಕೂ ಹೆಪ್ಪುಗಟ್ಟುವ ಗುಣವಿದೆಯೆಂಬದು ೧೭೫೯ರ ಕಡೆಯಲ್ಲಿ ಪೀಟರ್ಸ್‌ಬರ್ಗಿನ ಪ್ರಯೋಗದಿಂದ ತಿಳಿಯಿತು. ಸಾಕ್ಷಿಯು ತಾನೇ ಮೂರ್ಛೆಹೋಗಿ ಬಿದ್ದಿರುವಾಗ ಅವನ ಮಾತನ್ನು ಬರೆದುಕೊಂಡಂತಾಗಿದ್ದಿತು.

ಈಗ ಒಂದು ಸಣ್ಣ ಲೆಕ್ಕವನ್ನು ನೋಡಿರಿ. ರಾಯಚೂರಿನಲ್ಲಿ ಬೇಸಗೆಯ ಒಂದು ಮಧ್ಯಾಹ್ನ. ನಮ್ಮ ಇಂದಿನ ಸೆಲ್ಸಿಯಸಿನಲ್ಲಿ ೪೦ ಅಂಶ. ಅದೇ ಬಿಸಿಲು ಫ್ಯಾರನ್‌ಹೈಟನಿಗೆ ೧೦೪, ರೆಯೋಮ್ಯೂರನಿಗೆ ೩೨, ರೋಮರನಿಗೆ ಇಪ್ಪತ್ತೆಂಟೂವರೆ, ನ್ಯೂಟನ್ನನಿಗೆ ಸುಮಾರು ೧೩, ದೆಲೀಲನಿಗೆ ೯೦. ಮೂವತ್ತೆರಡು ಎಂಬ ಒಂದೇ ಅಂಕಿಯು ಒಬ್ಬನ ವಹಿಯಲ್ಲಿ ಮಂಜುಗಡ್ಡೆ, ಇನ್ನೊಬ್ಬನ ವಹಿಯಲ್ಲಿ ರಾಯಚೂರಿನ ಬಿಸಿಲು! ಬರೆದವನು ಸುಳ್ಳು ಹೇಳಿಲ್ಲ, ಓದುವವನು ದಡ್ಡನಲ್ಲ; ಆದರೂ ಒಬ್ಬರ ಮಾತು ಇನ್ನೊಬ್ಬರನ್ನು ಮುಟ್ಟುವದಿಲ್ಲ. ಸ್ಕಾಟ್ಲೆಂಡಿನ ವೈದ್ಯನಾದ ಜಾರ್ಜ್ ಮಾರ್ಟಿನ್ನನು ೧೭೪೦ರಲ್ಲಿ ಇಂಥ ಹಲವು ಮಾನಗಳನ್ನು ಒಂದಕ್ಕೊಂದು ತಾಳೆಹಾಕಿ ಪುಸ್ತಕವನ್ನೇ ಬರೆಯಬೇಕಾಯಿತು.

ಈ ಗೊಂದಲದ ನಡುವೆ ಸ್ವೀಡನ್ನಿನ ಉಪ್ಸಾಲದ ಜ್ಯೋತಿಷಿ ಆಂಡರ್ಸ್ ಸೆಲ್ಸಿಯಸನು ಹೊಸ ಮಾನವನ್ನು ಕಟ್ಟುವದಕ್ಕೆ ಮೊದಲು ಎರಡು ಪ್ರಶ್ನೆಗಳನ್ನು ಕೇಳಿದನು. ಹಿಮವು ಎಲ್ಲ ಊರುಗಳಲ್ಲಿಯೂ ಎಲ್ಲ ದಿನಗಳಲ್ಲಿಯೂ ಒಂದೇ ಉಷ್ಣದಲ್ಲಿ ಕರಗುವದೆ? ನೀರು ಎಲ್ಲೆಲ್ಲಿಯೂ ಒಂದೇ ಉಷ್ಣದಲ್ಲಿ ಕುದಿಯುವದೆ? ಚಳಿಗಾಲಗಳಲ್ಲಿ ಮತ್ತೆ ಮತ್ತೆ ಹಿಮದಲ್ಲಿ ಉಷ್ಣಮಾಪಕವನ್ನು ಊರಿ ನೋಡಿದನು. ಉತ್ತರದ ತೋರ್ನಿಯೋದಲ್ಲಿ ಕಂಡದ್ದನ್ನೂ ಉಪ್ಸಾಲದಲ್ಲಿ ಕಂಡದ್ದನ್ನೂ ಹೋಲಿಸಿದನು. ಮೊದಲನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದಿತು. ಎರಡನೆಯದಕ್ಕೆ ಇಲ್ಲ ಎಂದು ಬಂದಿತು. ಗಾಳಿಯ ಭಾರವು ಇಳಿದರೆ ಕುದಿಬಿಂದುವೂ ಇಳಿಯುವದು. ಆದುದರಿಂದ ವಾಯುಭಾರಮಾಪಕದ ಅಂಕಿಯನ್ನೂ ಜೊತೆಯಲ್ಲಿ ಹೇಳಬೇಕೆಂದು ೧೭೪೨ರ ತನ್ನ ಲೇಖದಲ್ಲಿ ವಿಧಿಸಿದನು. ಎರಡರ ನಡುವೆ ನೂರು ಭಾಗಗಳನ್ನು ಮಾಡಿದನು. ತಮಾಷೆಯೆಂದರೆ, ಅವನೂ ಕುದಿಯುವ ನೀರಿಗೆ ಸೊನ್ನೆಯನ್ನೂ ಹಿಮಕ್ಕೆ ನೂರನ್ನೂ ಕೊಟ್ಟಿದ್ದನು! ೧೭೪೩ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದ ಕ್ರಿಸ್ತೆನನು ಹಿಮಕ್ಕೆ ಸೊನ್ನೆ ಕೊಟ್ಟ ಶತಾಂಶಮಾಪಕವನ್ನು ಮಾಡಿದನು. ಸೆಲ್ಸಿಯಸನು ೧೭೪೪ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಉಪ್ಸಾಲದಲ್ಲಿಯೂ ಅವನ ಮಾನವನ್ನು ತಲೆಕೆಳಗು ಮಾಡಿದರು; ಸಸ್ಯಶಾಸ್ತ್ರಜ್ಞ ಲಿನ್ನೇಯಸನು ಇದರಲ್ಲಿ ಮೊದಲಿಗರಲ್ಲೊಬ್ಬನು. ಅಂಕಿಗಳು ತಿರುಗಿದರೂ ಸ್ಥಿರಬಿಂದುಗಳ ನಿರ್ಣಯವು ಅಲುಗಲಿಲ್ಲ. ಅದಕ್ಕಾಗಿಯೇ ೧೯೪೮ರಲ್ಲಿ ರಾಷ್ಟ್ರಗಳ ತೂಕ-ಅಳತೆಗಳ ಮಹಾಸಭೆಯು ಆ ಅಂಶಕ್ಕೆ ಅವನ ಹೆಸರನ್ನು ಕೊಟ್ಟಿತು.

ಈಗ ಫ್ಲಾರೆನ್ಸಿಗೆ ಹಿಂದಿರುಗೋಣ. ೧೮೨೯ರಲ್ಲಿ ಅಲ್ಲಿ ಹಳೆಯ ಗಾಜಿನ ಸಾಮಾನುಗಳ ನಡುವೆ ಕೆಲವು ಐವತ್ತು ಮಣಿಯ ಉಷ್ಣಮಾಪಕಗಳು ಆಂತಿನೋರಿ ಎಂಬ ವಿದ್ವಾಂಸನ ಕಣ್ಣಿಗೆ ಬಿದ್ದವು. ಅವುಗಳನ್ನು ಪರೀಕ್ಷಿಸಿದವನು ಗುಲ್ಯೆಲ್ಮೋ ಲೀಬ್ರಿ. ಅವನು ಅವುಗಳನ್ನು ಕರಗುವ ಮಂಜಿನಲ್ಲಿ ಇಟ್ಟನು. ಮದ್ಯಸಾರವು ಹದಿಮೂರೂವರೆ ಮಣಿಗೆ ಬಂದು ನಿಂತಿತು. ಅಷ್ಟೇ! ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಮೂಕವಾಗಿದ್ದ ವಹಿಗಳು ಮಾತನಾಡತೊಡಗಿದವು. ಆ ‘ಬೆಳಿಗ್ಗೆ ೧೩’ ಎಂಬದು ನೀರು ಹೆಪ್ಪುಗಟ್ಟುವ ಚಳಿಯಾಗಿದ್ದಿತು. ಲೀಬ್ರಿಯು ಹಳೆಯ ಹದಿನಾರು ವರ್ಷಗಳ ಲೆಕ್ಕವನ್ನು ತನ್ನ ಕಾಲದ ಲೆಕ್ಕದೊಡನೆ ಹೋಲಿಸಿ, ತೊಸ್ಕಾನ ನಾಡಿನ ಹವೆಯು ಆ ನಡುವೆ ಹೇಳುವಷ್ಟು ಬದಲಾಗಿಲ್ಲವೆಂದು ಸಾರಿದನು.

ಈ ಲೀಬ್ರಿಯು ಸತ್ಪುರುಷನೆಂದು ತಾವು ಭಾವಿಸಬಾರದು. ಫ್ರಾನ್ಸಿನ ಗ್ರಂಥಾಲಯಗಳಿಂದ ಅಮೂಲ್ಯ ಪುಸ್ತಕಗಳನ್ನು ಕದ್ದನೆಂಬ ಆರೋಪ ಹೊತ್ತು ೧೮೪೮ರಲ್ಲಿ ಲಂಡನ್ನಿಗೆ ಓಡಿಹೋದನು. ೧೮೫೦ರಲ್ಲಿ ಅವನ ಗೈರುಹಾಜರಿಯಲ್ಲಿಯೇ ಅವನಿಗೆ ಶಿಕ್ಷೆಯಾಯಿತು. ಆದರೂ ಅವನ ಹದಿಮೂರೂವರೆಯನ್ನು ನಾವು ತಳ್ಳಿಹಾಕಬೇಕಾಗಿಲ್ಲ. ಏಕೆಂದರೆ ಮಂಜುಗಡ್ಡೆಗೆ ದೊರೆಯೂ ಒಂದೇ, ಕಳ್ಳನೂ ಒಂದೇ. ಬೇಕೆಂದವರು ಮತ್ತೆ ಇಟ್ಟು ನೋಡಬಹುದು. ಆಲಮಾನ್ನಿಯ ಉಸಿರಿನಲ್ಲಿ ಅಡಗಿದ್ದ ವಿದ್ಯೆಯು ಹಿಡಿ ಮಂಜುಳ್ಳ ಪ್ರತಿಯೊಬ್ಬನ ಸ್ವತ್ತಾದದ್ದೇ ಉಷ್ಣಮಾಪಕದ ಇತಿಹಾಸದಲ್ಲಿ ದೊಡ್ಡ ಸಂಗತಿಯೆಂದು ನಾನು ತಿಳಿದಿರುವೆನು.

ಇದೆಲ್ಲ ಹಳೆಯ ಕಾಲದ ಹರಟೆಯೆಂದು ಯಾರೂ ತಿಳಿಯಬಾರದು. ೨೦೨೪ನೆಯ ವರ್ಷವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸರಾಸರಿಗಿಂತ ಸುಮಾರು ಒಂದೂವರೆ ಸೆಲ್ಸಿಯಸ್ ಅಂಶ ಹೆಚ್ಚು ಬಿಸಿಯಾಗಿದ್ದಿತೆಂದು ಲೋಕದ ಹವಾಮಾನಸಂಸ್ಥೆಯು ಲೆಕ್ಕಕೊಟ್ಟಿದೆ. ಒಂದೂವರೆ ಅಂಶವೆಂದರೆ ಉಷ್ಣಮಾಪಕದಲ್ಲಿ ಬೆರಳ ತುದಿಯಷ್ಟು ಎಡೆ. ಅಷ್ಟರ ಮೇಲೆ ಮಳೆ, ಬೆಳೆ, ಕಡಲತೀರದ ಊರುಗಳ ಭವಿಷ್ಯವು ನಿಂತಿರುವದು. ಹಿಂದಿನ ಅಂಕಿಗಳು ನಂಬಿಕೆಗೆ ಅರ್ಹವಾಗಿದ್ದರೆ ಮಾತ್ರ ಇಂದಿನ ಏರಿಕೆಯನ್ನು ಹೇಳಲು ಬರುವದು. ಹಳೆಯ ಗಾಜು ಮೋಸಮಾಡದೆ ಇರುವದಿಲ್ಲ. ಮ್ಯಾಂಚೆಸ್ಟರಿನ ಜೌಲನು ತನ್ನ ಒಂದು ಉಷ್ಣಮಾಪಕವನ್ನು ೧೮೪೪ರಿಂದ ೧೮೮೨ರ ವರೆಗೆ ಮತ್ತೆ ಮತ್ತೆ ಮಂಜಿನಲ್ಲಿ ಇಟ್ಟು ನೋಡಿದನು. ಗಾಜು ಮೆಲ್ಲಮೆಲ್ಲನೆ ಕುಗ್ಗಿದುದರಿಂದ ಹಿಮಬಿಂದುವು ಆ ಮೂವತ್ತೆಂಟು ವರ್ಷಗಳಲ್ಲಿ ಸುಮಾರು ಒಂದು ಫ್ಯಾರನ್‌ಹೈಟ್ ಅಂಶ ಮೇಲಕ್ಕೆ ಸರಿದಿದ್ದಿತು. ಇಂಥ ದೋಷಗಳನ್ನೆಲ್ಲ ಹೆಕ್ಕಿ ತೆಗೆದು, ಹಳೆಯ ಮಾನಗಳನ್ನು ಹೊಸದಕ್ಕೆ ತಿರುಗಿಸಿ, ಗಾರ್ಡನ್ ಮ್ಯಾನ್ಲಿ ಎಂಬ ಭೂಗೋಲಜ್ಞನು ೧೯೫೩ರಲ್ಲಿಯೂ ೧೯೭೪ರಲ್ಲಿಯೂ ಪ್ರಕಟಿಸಿದ ಲೇಖಗಳಿಂದ ಮಧ್ಯ ಇಂಗ್ಲೆಂಡಿನ ಉಷ್ಣದ ಲೆಕ್ಕವನ್ನು ೧೬೫೯ರ ವರೆಗೆ ಹಿಂದಕ್ಕೆ ಕೊಂಡೊಯ್ದನು. ಫ್ಲಾರೆನ್ಸಿನ ವಹಿಗಳನ್ನೂ ಇಟಲಿಯ ವಿದ್ವಾಂಸರು ಪುನಃ ಶೋಧಿಸಿ ೨೦೧೨ರಲ್ಲಿ ಪ್ರಕಟಿಸಿದರು. ಮಣಿ ಎಣಿಸಿದ ಆ ಪಾದ್ರಿಗಳಿಗೆ ತಮ್ಮ ಅಂಕಿಗಳು ಇಷ್ಟು ದೂರ ಬರುವವೆಂಬ ಕನಸೂ ಇದ್ದಿರಲಾರದು.

ಸ್ಥಿರಬಿಂದುವಿನ ಶೋಧವೂ ನಿಲ್ಲಲಿಲ್ಲ. ೧೮೪೮ರಲ್ಲಿ ಕೆಲ್ವಿನ್ನನು ಯಾವ ದ್ರವವನ್ನೂ ಅವಲಂಬಿಸದ ನಿರಪೇಕ್ಷ ಮಾನವನ್ನು ಸೂಚಿಸಿದನು. ಅದರ ಸೊನ್ನೆಯು ಹಿಮಬಿಂದುವಿಗೂ ೨೭೩.೧೫ ಸೆಲ್ಸಿಯಸ್ ಅಂಶಗಳಷ್ಟು ಕೆಳಗೆ. ೨೦೧೯ರ ಮೇ ೨೦ರಿಂದ ಉಷ್ಣಮಾನವನ್ನು ನೀರಿನ ಆಸರೆಯಿಂದಲೂ ಬಿಡಿಸಿ, ನಿಸರ್ಗದ ಒಂದು ಸ್ಥಿರಸಂಖ್ಯೆಯ ಮೇಲೆ ನಿಲ್ಲಿಸಿರುವರು. ಬೆಣ್ಣೆಯಿಂದ ಹೊರಟ ಯಾತ್ರೆಯು ಅಣುಗಳ ಚಲನೆಗೆ ಬಂದು ಮುಟ್ಟಿದೆ.

ಇನ್ನು ನನ್ನ ಬಾಲಕನ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದಲ್ಲಿದೆ. ಮುನ್ನೂರು ಮೀಟರ್ ಏರಿದಂತೆ ನೀರಿನ ಕುದಿಬಿಂದುವು ಹೆಚ್ಚುಕಡಿಮೆ ಒಂದು ಅಂಶ ಇಳಿಯುವದು. ಕಾರವಾರದಲ್ಲಿಯೂ ಮಂಗಳೂರಿನಲ್ಲಿಯೂ ೧೦೦ಕ್ಕೆ ಕುದಿಯುವ ನೀರು ಬೆಂಗಳೂರಿನಲ್ಲಿ ೯೭ಕ್ಕೆ ಕುದಿಯಲೇಬೇಕು. ಸೆಲ್ಸಿಯಸನು ೧೭೪೨ರಲ್ಲಿಯೇ ಎಚ್ಚರಿಸಿದ್ದ ಸಂಗತಿಯನ್ನು ಆ ಹುಡುಗನು ತನ್ನ ಕಣ್ಣಿನಿಂದ ಕಂಡು ಬರೆದಿದ್ದನು. ಉಳಿದ ಮಕ್ಕಳು ನೋಡಿದ್ದದ್ದು ಪುಸ್ತಕವನ್ನು. ಅವರಿಗೆ ನಾನು ಪೂರ್ಣ ಅಂಕಗಳನ್ನು ಕೊಟ್ಟೆನು. ನೋಡಿದ್ದನ್ನು ಬರೆದವನೊಬ್ಬನಿಗೆ, ನೋಡಿದ್ದನ್ನು ನಂಬಬೇಡವೆಂಬ ಪಾಠವನ್ನು ಕೆಂಪು ಮಸಿಯಲ್ಲಿ ಕಲಿಸಿದೆನು. ಅವನು ಈಗ ಎಲ್ಲಿರುವನೋ ನಾನರಿಯೆ. ಕಂಡರೆ ಕ್ಷಮೆಯನ್ನು ಕೇಳುವೆನು.

ಶಿಕ್ಷಕಬಂಧುಗಳಲ್ಲಿ ನನ್ನ ಬಿನ್ನಹವು ಇಷ್ಟೇ. ನಿಮ್ಮ ಶಾಲೆಯ ಉಷ್ಣಮಾಪಕವನ್ನು ವರ್ಷಕ್ಕೊಮ್ಮೆಯಾದರೂ ಮಕ್ಕಳ ಎದುರಿಗೆ ಕರಗುವ ಮಂಜಿನಲ್ಲಿ ಇಟ್ಟು ನೋಡಿರಿ. ಸೊನ್ನೆಗೆ ಬರದಿದ್ದರೆ, ಎಷ್ಟು ತಪ್ಪಿದೆಯೆಂಬದನ್ನು ಅದರ ಪೆಟ್ಟಿಗೆಯ ಮೇಲೆ ಬರೆಯಿಸಿರಿ. ನಿಮ್ಮ ಊರಿನ ಎತ್ತರವನ್ನು ತಿಳಿದುಕೊಂಡು, ಅಲ್ಲಿ ನೀರು ಎಷ್ಟಕ್ಕೆ ಕುದಿಯುವದೆಂದು ಮಕ್ಕಳೇ ಕಂಡು ಹೇಳಲಿ. ಅವರ ಅಂಕಿಯು ಪುಸ್ತಕದ ಅಂಕಿಗೆ ತಾಳೆಯಾಗದಿದ್ದರೆ, ಕೆಂಪು ಮಸಿಯನ್ನು ಮುಟ್ಟುವ ಮೊದಲು ಒಲೆಯ ಬಳಿಗೆ ಹೋಗಿ ನೀವೇ ಒಮ್ಮೆ ಬಗ್ಗಿ ನೋಡಿರಿ.